ನೀರುನಾಯಿಯ ಲೇಖನಕ್ಕೆ ನದಿಯೂ ಬೇಕು

ಮಾನ್ಯರೇ,

ಕಂಪ್ಲಿಯ ಬಳಿ ತುಂಗಭದ್ರೆಯಲ್ಲಿ ಕಂಡ ನೀರುನಾಯಿಗಳ ಕುರಿತು ತಾವು ಕಳುಹಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಕೈಬಿಡುವಂತಹ ಬರಹವೂ ಅಲ್ಲವಾದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತಿದ್ದೇನೆ.

ಮೊದಲ ಎರಡು ಪುಟಗಳಲ್ಲಿ ಪ್ರಾಣಿಯನ್ನು ‘ಜಲಸುಂದರಿ’, ‘ನದಿಯ ತುಂಟ ಕಂದ’ ಎಂದೆಲ್ಲ ಕರೆದಿದ್ದೀರಿ. ಅದು ಏನು ಮಾಡುತ್ತಿತ್ತು ಎಂಬುದು ಮಾತ್ರ ತಿಳಿಯುವುದಿಲ್ಲ. ಮೂರನೆಯ ಪುಟದಲ್ಲಿ, ಬಂಡೆಯ ಮೇಲಿದ್ದ ಹಿಕ್ಕೆಯನ್ನು ಕಡ್ಡಿಯಿಂದ ಕೆದಕಿ, ಅದರೊಳಗೆ ಮೀನಿನ ಹುರುಪೆಯನ್ನೂ ಏಡಿಚಿಪ್ಪಿನ ಚೂರುಗಳನ್ನೂ ಗುರುತಿಸಿದ ಸಾಲುಗಳಿವೆಯಲ್ಲ, ಲೇಖನ ಅಲ್ಲಿಂದಲೇ ಆರಂಭವಾಗಬೇಕು.

ಮರಳು ಗಣಿಗಾರಿಕೆಯಿಂದ ‘ಪರಿಸರಕ್ಕೆ ಹಾನಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಸೀಲ್‌ಗಳಿಗಿರುವಂತೆ ದಪ್ಪನೆಯ ಕೊಬ್ಬಿನ ಪದರ ನೀರುನಾಯಿಗಿಲ್ಲ. ಒತ್ತಾದ ತುಪ್ಪಳದೊಳಗೆ ಹಿಡಿದಿಟ್ಟ ಗಾಳಿಯೇ ಅದರ ಮೈಯನ್ನು ಬೆಚ್ಚಗಿಡುತ್ತದೆ. ಅದಕ್ಕಾಗಿಯೇ ಅದು ನೀರಿನಿಂದ ಹೊರಬಂದು, ಮರಳಿನಲ್ಲೂ ಹುಲ್ಲಿನಲ್ಲೂ ಹೊರಳಾಡಿ ಮೈ ಒಣಗಿಸಿಕೊಳ್ಳುತ್ತದೆ. ತಾವು ‘ಆಟ’ವೆಂದು ವರ್ಣಿಸಿರುವ ದೃಶ್ಯದಲ್ಲಿ ಈ ಕೆಲಸವೂ ಅಡಗಿದೆ. ದಡದ ಮರಳು ಲಾರಿ ಹತ್ತಿದರೆ ನೀರುನಾಯಿ ಕಳೆದುಕೊಳ್ಳುವುದೇನೆಂದು ಹೀಗೆ ಬರೆದು ತೋರಿಸಿ.

ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಏಡಿ ಹುಡುಕಿ ತಿನ್ನುವ, ಗಾತ್ರದಲ್ಲಿ ಚಿಕ್ಕದಾದ, ಸಣ್ಣ ಉಗುರಿನ ನೀರುನಾಯಿಯ ವಿವರಗಳನ್ನು, ಮುಖ್ಯವಾಗಿ ಮೀನನ್ನೇ ನಂಬಿರುವ ತುಂಗಭದ್ರೆಯ ನುಣುಪು ತುಪ್ಪಳದ ನೀರುನಾಯಿಗೆ ಅಂಟಿಸಿದ್ದೀರಿ. ಅದನ್ನು ತಿದ್ದಿ.

ಸಿಡಿಮದ್ದು ಹಾಕಿ ಮೀನು ಹಿಡಿಯುವವರನ್ನೂ ತೆಪ್ಪದಲ್ಲಿ ಕುಳಿತು ಬಲೆ ಬೀಸುವ ಬೆಸ್ತರನ್ನೂ ಒಂದೇ ತಕ್ಕಡಿಯಲ್ಲಿ ತೂಗಿರುವುದು ಅನ್ಯಾಯ. ಸಿಡಿಮದ್ದು ಮರಿಮೀನುಗಳನ್ನೂ ಬಿಡದೆ ಕೊಲ್ಲುವುದರಿಂದ ನಷ್ಟ ನೀರುನಾಯಿಗೂ ಬೆಸ್ತರಿಗೂ ಸಮನಾಗಿಯೇ ತಟ್ಟುತ್ತದೆ. ನೀರುನಾಯಿಗಳಿಂದ ಬಲೆ ಹರಿದುಕೊಂಡ ಬೆಸ್ತರ ಸಿಟ್ಟಿಗೂ ಕಾರಣವಿದೆ. ಅವರೊಡನೆ ಮಾತನಾಡದೆ ಅವರ ಬಗ್ಗೆ ಬರೆಯಬೇಡಿ.

ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ ಸಂಗತಿ ಕೊನೆಯ ಸಾಲಿನಲ್ಲಿ ಹುದುಗಿಹೋಗಿದೆ. ಅದನ್ನು ಮುಂದಕ್ಕೆ ತನ್ನಿ. ಅಣೆಕಟ್ಟಿನ ಕೆಳಗಿರುವ ಈ ಹರಿವಿನಲ್ಲಿ ನೀರು ಬಿಟ್ಟಾಗ, ನಿಲ್ಲಿಸಿದಾಗ ಬಂಡೆಗಳೂ ಮಡುಗಳೂ ಹೇಗೆ ಬದಲಾಗುತ್ತವೆಂದು ತಾವೇ ನೋಡಿ ಬರೆಯಿರಿ.

ಮರಿಗಳಿರುವ ಬಿಲಕ್ಕೆ ಹೋಗುವ ದಾರಿಯನ್ನು ಮಾತ್ರ ಪೂರ್ತಿಯಾಗಿ ತೆಗೆದುಹಾಕಿ. ಅದನ್ನು ಓದಿ ಕ್ಯಾಮೆರಾ ಹಿಡಿದು ಬರುವವರೂ ಇರುತ್ತಾರೆ, ಬೇಟೆಗೆ ಬರುವವರೂ ಇರುತ್ತಾರೆ. ಆ ವಿವರ ಉಳಿದಿದ್ದರೆ, ಉಳಿದದ್ದೆಲ್ಲ ಸರಿಯಿದ್ದರೂ ಲೇಖನವನ್ನು ನಾವು ಸ್ವೀಕರಿಸುವುದಿಲ್ಲ.

ಇಂತಿ,
ಸಂಪಾದಕ