ಮಾತು ಮರೆತರೂ ಸಂಕಟ ಉಳಿಯುತ್ತೆ

ಪ್ರಶ್ನೆ: ಅಮ್ಮನಿಗೆ 78 ವರ್ಷ, ಆಲ್‌ಝೈಮರ್ ಇದೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೂ ಸಂಜೆಯಾದರೆ "ಅವರಿನ್ನೂ ಬಂದಿಲ್ವಾ?" ಅಂತ ಬಾಗಿಲಲ್ಲಿ ನಿಲ್ಲುತ್ತಾರೆ. ನಿಜ ಹೇಳಿದರೆ ಅಳುತ್ತಾರೆ, ಸ್ವಲ್ಪ ಹೊತ್ತಿಗೆ ಮರೆತು ಮತ್ತೆ ಕೇಳುತ್ತಾರೆ. ಸುಳ್ಳು ಹೇಳಬೇಡ ಅಂತಾನೆ ತಮ್ಮ. ಹೇಗೂ ಮರೀತಾರಲ್ಲ, ನಿಜವನ್ನೇ ಹೇಳಿದರೆ ತಪ್ಪೇನು?

ಉತ್ತರ: ತಪ್ಪು ಅಂತಲ್ಲ, ಆದರೆ ಅಮ್ಮನಿಗೆ ಅದು ಪ್ರತಿ ಸಲವೂ ಹೊಸ ಸಾವಿನ ಸುದ್ದಿ. ಹೊಸ ಸಂಗತಿಯನ್ನು ಹಿಡಿದಿಟ್ಟುಕೊಳ್ಳಲು ಮಿದುಳಿಗೆ ಹಿಪ್ಪೊಕ್ಯಾಂಪಸ್ ಅನ್ನೋ ಭಾಗ ಬೇಕು, ಈ ಕಾಯಿಲೆ ಶುರುವಿನಲ್ಲೇ ಕೈ ಹಾಕುವುದು ಅದಕ್ಕೆ. ಅದಕ್ಕೇ ನೀವು ಹೇಳಿದ್ದು ನೆನಪಲ್ಲಿ ನಿಲ್ಲುವುದಿಲ್ಲ. ಸಂಕಟ ಮಾತ್ರ ಉಳಿಯುತ್ತೆ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 17 ಆಲ್‌ಝೈಮರ್ ರೋಗಿಗಳಿಗೆ ದುಃಖದ ಸಿನಿಮಾ ತುಣುಕು ತೋರಿಸಿದರು, ಆಮೇಲೆ ಖುಷಿಯವನ್ನೂ. ನೋಡಿದ್ದು ಬೇಗ ಮರೆತುಹೋಯಿತು, ಮನಸ್ಸಿಗೆ ಆದದ್ದು ಅರ್ಧ ಗಂಟೆಯವರೆಗೂ ಉಳಿದಿತ್ತು. ಯಾರಿಗೆ ಮರೆವು ಜಾಸ್ತಿಯೋ ಅವರಲ್ಲಿ ದುಃಖ ಇನ್ನೂ ಹೆಚ್ಚು ಹೊತ್ತು ಇತ್ತು! ಯಾಕೆ ಬೇಜಾರಾಗಿದೆ ಅಂತ ಗೊತ್ತಿಲ್ಲದೆ ಬೇಜಾರಲ್ಲಿ ಕೂರೋದು ಹೇಗಿರುತ್ತೆ, ಯೋಚಿಸಿ.

ಹಾಗಂತ "ಈಗ ಬರ್ತಾರೆ" ಅನ್ನಬೇಕಿಲ್ಲ. "ಅಪ್ಪನ ನೆನಪಾಯ್ತಾ ಅಮ್ಮ? ಮನೆಗೆ ಬಂದ ತಕ್ಷಣ ಏನು ಮಾಡೋರು ಅವರು?" ಅಂತ ಪಕ್ಕದಲ್ಲಿ ಕೂತು ಕೇಳಿ. ಹಳೇ ನೆನಪು ಹೆಚ್ಚು ಕಾಲ ಉಳಿದಿರುತ್ತೆ, ಮಾತು ಆ ಕಡೆ ತಿರುಗಬಹುದು. ಅವರೇ ನೇರವಾಗಿ "ಸತ್ತುಹೋದ್ರಾ?" ಅಂತ ಕೇಳಿದರೆ ಮಾತ್ರ ಕೈ ಹಿಡಿದು ಹೌದು ಅನ್ನಿ. ತಮ್ಮನಿಗೂ ಅಷ್ಟು ಸಾಕು ಅನ್ಸುತ್ತೆ.

ಇನ್ನು ಸಂಜೆಯ ಚಡಪಡಿಕೆ. ಹಗಲು ರಾತ್ರಿ ತಿಳಿಸುವ ಮಿದುಳಿನ ಗಡಿಯಾರವೂ ಈ ಕಾಯಿಲೆಯಲ್ಲಿ ಕೆಡುತ್ತೆ. ಕತ್ತಲಾಗುವ ಮುಂಚೆಯೇ ದೀಪ ಹಾಕಿ, ಆ ಹೊತ್ತಿಗೆ ಬಟ್ಟೆ ಮಡಚುವಂಥ ಕೈಗೆ ರೂಢಿಯಾದ ಕೆಲಸ ಕೊಡಿ. ಗೊಂದಲ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಕಾಯಿಲೆ ಮುಂದುವರಿದಿದೆ ಅಂತ ಸುಮ್ನಿರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ಏನಾದರೂ ಇರಬಹುದು, ಬೇಗ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಮರೆವಿಗೆ ಹೊಸ ಇಂಜೆಕ್ಷನ್ ಬಂದಿದೆಯಂತೆ. ಆಲ್‌ಝೈಮರ್ ಇರುವ ನಮ್ಮ ತಂದೆ ಈಗ ನಮ್ಮನ್ನೇ ಗುರುತಿಸುವುದಿಲ್ಲ. ಕೊಡಿಸಬಹುದಾ?

ಉತ್ತರ: ಈ ಹಂತದಲ್ಲಿ ಬೇಡ. ನೀವು ಕೇಳಿರುವುದು ಬಹುಶಃ ಲೆಕಾನೆಮ್ಯಾಬ್, 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿದ್ದು. ಮಿದುಳಿನಲ್ಲಿ ಸೇರಿಕೊಂಡ ಅಮಿಲಾಯ್ಡ್ ಅನ್ನೋ ಪ್ರೋಟೀನನ್ನು ತೆಗೆಯುತ್ತೆ, ಆದರೆ ತೀರಾ ಆರಂಭದ ಹಂತದವರಿಗೆ ಮಾತ್ರ. 1,795 ಜನರ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ ಕಾಯಿಲೆಯ ವೇಗ 27% ತಗ್ಗಿತು. ಕೇಳೋಕೆ ದೊಡ್ಡದು, ಅಲ್ವಾ? ಕಾಯಿಲೆ ಎಷ್ಟು ತೀವ್ರ ಅಂತ ಅಳೆಯುವ 18 ಅಂಕದ ಅಳತೆಯಲ್ಲಿ ಆ ವ್ಯತ್ಯಾಸ ಅರ್ಧ ಅಂಕವೂ ಅಲ್ಲ. ಹೋದ ನೆನಪು ವಾಪಸ್ ಬರಲಿಲ್ಲ. ಔಷಧ ಪಡೆದ ಸುಮಾರು ಎಂಟರಲ್ಲಿ ಒಬ್ಬರ ಮಿದುಳಿನಲ್ಲಿ ಊತ ಕಂಡಿತು, ಅದಕ್ಕೇ ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕು. ಆ ಖರ್ಚು, ಓಡಾಟದ ಬದಲು ತಂದೆಯ ಕಿವಿ, ಕಣ್ಣು, ಹಲ್ಲು ಒಮ್ಮೆ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದಿದ್ದರೆ ಗೊಂದಲ ಇನ್ನೂ ಹೆಚ್ಚುತ್ತೆ. ಎಲ್ಲಿ ನೋವು ಅಂತ ಹೇಳೋಕೂ ಈಗ ಅವರಿಗೆ ಕಷ್ಟ.