‘ಚೆನ್ನಾಗಿತ್ತು ಮೇಡಂ’ ಅಂದರೆ ಸಾಕಾ? ಕಥೆಯ ಹೊತ್ತಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಗ್ರಾಮ ಪಂಚಾಯತಿ ಅರಿವು ಕೇಂದ್ರದ, ಅಂದರೆ ಪಂಚಾಯತಿ ಗ್ರಂಥಾಲಯದ, ಮೇಲ್ವಿಚಾರಕಿ. ಎರಡು ವರ್ಷದಿಂದ ಪ್ರತಿ ಶನಿವಾರ ಸಂಜೆ ನಾಲ್ಕೂವರೆಗೆ ಮಕ್ಕಳಿಗೆ ಕಥೆ ಹೇಳುತ್ತಿದ್ದೇನೆ. ಮೊದಲು ಮೂವತ್ತು ಮಕ್ಕಳು ಬರುತ್ತಿದ್ದರು, ಈಗ ಹನ್ನೆರಡು ಹದಿಮೂರು ಅಷ್ಟೇ. ಅಭಿಪ್ರಾಯ ಪುಸ್ತಕ ಇಟ್ಟಿದ್ದೇನೆ, ಅದರಲ್ಲಿ ಎಲ್ಲರೂ ‘ತುಂಬಾ ಚೆನ್ನಾಗಿತ್ತು ಮೇಡಂ’ ಅಂತಲೇ ಬರೆಯುತ್ತಾರೆ. ಹಾಗಾದರೆ ಮಕ್ಕಳು ಯಾಕೆ ಬರುತ್ತಿಲ್ಲ? ನಾನು ಹೇಳುವ ಕಥೆಯಲ್ಲೇ ತಪ್ಪಿದೆಯಾ?

ಉತ್ತರ: ಎರಡು ವರ್ಷ ವಾರ ತಪ್ಪದೆ ಕಥೆ ಹೇಳುವುದು ಸಣ್ಣ ಕೆಲಸ ಅಲ್ಲ ಮೇಡಂ. ತಪ್ಪು ಕಥೆಯದ್ದೇ ಅಂತ ಈಗಲೇ ತೀರ್ಮಾನಕ್ಕೆ ಬರಬೇಡಿ.

ಅಭಿಪ್ರಾಯ ಪುಸ್ತಕದ ಕಷ್ಟ ಏನು ಅಂದರೆ, ಅದು ನಿಮ್ಮ ಟೇಬಲ್ ಮೇಲೇ ಇರುತ್ತದೆ, ಬರೆಯುವಾಗ ನೀವು ಎದುರಿಗೇ ಕೂತಿರುತ್ತೀರಿ, ಕೆಳಗೆ ಹೆಸರು ಸಹಿ ಬೇರೆ ಹಾಕಬೇಕು. ಅಂಥದ್ದರಲ್ಲಿ ಯಾರು ತಾನೇ ‘ಬೇಜಾರಾಯ್ತು’ ಅಂತ ಬರೆಯುತ್ತಾರೆ? ಅದೂ ಅಲ್ಲದೆ, ಬರೆಯುವವರೆಲ್ಲ ಬಂದವರು. ಬರುವುದನ್ನು ಬಿಟ್ಟ ಮಕ್ಕಳ ಮನೆಯವರ ಒಂದು ಅಕ್ಷರವೂ ಅದರಲ್ಲಿಲ್ಲ. ಮೊಮ್ಮಕ್ಕಳನ್ನು ಕರೆದುಕೊಂಡು ಬರುವ ಎಷ್ಟೋ ಅಜ್ಜಿಯರಿಗೆ ಓದು ಬರಹ ಬರುವುದಿಲ್ಲ, ಅವರ ಮಾತೂ ಇಲ್ಲ. ನಿಮಗೆ ಬೇಕಾದ ಉತ್ತರ ಇರುವುದು ಇವರ ಹತ್ತಿರವೇ.

ನಾನು ಕಥೆ ಹೇಳುತ್ತಿದ್ದ ಹಳ್ಳಿಯಲ್ಲೂ ಹೀಗೇ ಆಗಿತ್ತು. ಐದು ಗಂಟೆ ಆಗುತ್ತಿದ್ದ ಹಾಗೆ ಮಕ್ಕಳು ಒಬ್ಬೊಬ್ಬರೇ ಎದ್ದು ಹೊರಡುತ್ತಿದ್ದರು. ಕಥೆ ಉದ್ದ ಆಯಿತೇನೋ ಅಂತ ಚಿಕ್ಕದು ಮಾಡಿದೆ. ಆದರೂ ಹೋದರು. ಒಂದು ದಿನ ಹೊರಗೆ ಜಗುಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರ ಪಕ್ಕ ಕೂತು, ‘ಯಾಕಜ್ಜಿ, ಮಗೂನ ಮಧ್ಯದಲ್ಲೇ ಕರ್ಕೊಂಡು ಹೋಗ್ತೀರಲ್ಲ?’ ಅಂದೆ. ‘ಡೇರಿಗೆ ಹಾಲು ಹಾಕ್ಬೇಕಲ್ಲವ್ವ, ತಡ ಆದ್ರೆ ತಗೊಳಲ್ಲ’ ಅಂದರು. ಅಷ್ಟೇ ವಿಷಯ! ಕಥೆಯನ್ನು ಒಂದು ಗಂಟೆ ಮುಂಚೆ ಶುರು ಮಾಡಿದೆ, ಎದ್ದು ಹೋಗುವುದು ನಿಂತಿತು. ಅದೇ ಅಜ್ಜಿ ಇನ್ನೊಂದು ಮಾತೂ ಹೇಳಿದರು. ‘ನೀನು ಪುಸ್ತಕ ತೊಡೆ ಮೇಲಿಟ್ಕೊಂಡು ಓದ್ತೀಯ, ಹಿಂದೆ ಕೂತ ಮಗೀಗೆ ಚಿತ್ರ ಎಲ್ಲಿ ಕಾಣ್ತದೆ?’ ನನಗೆ ಅದು ಹೊಳೆದೇ ಇರಲಿಲ್ಲ. ಅವತ್ತಿನಿಂದ ಪುಸ್ತಕವನ್ನು ಭುಜದ ಪಕ್ಕಕ್ಕೆ ಎತ್ತಿ, ಪುಟ ಮಕ್ಕಳ ಕಡೆಗೆ ಮಾಡಿ, ಓರೆಗಣ್ಣಲ್ಲಿ ಓದುವುದನ್ನು ಕಲಿತೆ. ಮೊದಮೊದಲು ಕೈ ನೋಯುತ್ತದೆ, ಆಮೇಲೆ ರೂಢಿಯಾಗುತ್ತದೆ.

ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅಂತ. ಪುಸ್ತಕ ಬೇಗ ಸಿಗುವ ಹಾಗೆ ಕಪಾಟು ಜೋಡಿಸುವಾಗ ನಮಗೆ ಅದು ನೆನಪಾಗುತ್ತದೆ. ಆದರೆ ಹಾಲು ಕರೆಯುವ ಹೊತ್ತೂ ಓದುಗರ ಸಮಯವೇ ಅಲ್ವಾ?

ಈಗ ಏನು ಕೇಳಬೇಕು ಅನ್ನುವುದಕ್ಕೆ ಬರೋಣ. ‘ಹೇಗಿತ್ತು?’ ಅಂತ ಕೇಳಬೇಡಿ. ಅದಕ್ಕೆ ‘ಚೆನ್ನಾಗಿತ್ತು’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಅಮೆರಿಕದ ಸಾರ್ವಜನಿಕ ಗ್ರಂಥಾಲಯ ಸಂಘ 2015ರಲ್ಲಿ ‘ಪ್ರಾಜೆಕ್ಟ್ ಔಟ್‌ಕಮ್’ ಅಂತ ಒಂದು ಸರ್ವೆ ವ್ಯವಸ್ಥೆ ಶುರು ಮಾಡಿತು. ಪುಟ್ಟ ಮಕ್ಕಳ ಕಥೆಯ ಹೊತ್ತಿಗೆ ಬಂದ ಅಪ್ಪ ಅಮ್ಮಂದಿರಿಗೆ ಅದರಲ್ಲಿ ಕೆಲವೇ ಪ್ರಶ್ನೆಗಳಿವೆ: ಹೊಸದೇನಾದರೂ ಕಲಿತಿರಾ, ಮಗುವಿಗೆ ಕಲಿಸುವ ಧೈರ್ಯ ಹೆಚ್ಚಾಯಿತಾ, ಮನೆಯಲ್ಲಿ ಮಗುವಿನ ಜೊತೆ ಓದು, ಹಾಡು, ಮಾತು ಜಾಸ್ತಿ ಮಾಡುತ್ತೀರಾ, ಹೀಗೆ. ಕೊನೆಗೆ ಯಾವುದು ಇಷ್ಟವಾಯಿತು, ಇನ್ನೇನು ಮಾಡಬಹುದು ಅಂತ ತಮ್ಮದೇ ಮಾತಿನಲ್ಲಿ ಉತ್ತರಿಸುವ ಎರಡು ಪ್ರಶ್ನೆ. ನಮೂನೆಯನ್ನು ಹಾಗೇ ತಂದು ನಮ್ಮೂರಲ್ಲಿ ಹಂಚಿ ಅಂತ ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ಒಂದು ಒಳ್ಳೆಯ ಯೋಚನೆ ಇದೆ. ಕಥೆ ಮುಗಿದ ಮೇಲೆ ಮನೆಯಲ್ಲಿ ಏನಾಗುತ್ತದೆ ಅನ್ನುವುದನ್ನು ಅದು ಕೇಳುತ್ತದೆ. ನೀವು ಮುಂದಿನ ಶನಿವಾರ ಬಾಗಿಲ ಹತ್ತಿರ ನಿಂತು, ‘ಹೋದ ವಾರದ ಕಥೆ ಬಗ್ಗೆ ಮಗು ಮನೇಲಿ ಏನಾದ್ರೂ ಹೇಳ್ತಾ?’ ಅಂತ ಇಬ್ಬರು ಮೂವರನ್ನು ಕೇಳಿ. ‘ಅದೇನೋ ಮೊಸಳೆ ಮೊಸಳೆ ಅಂತ ರಾತ್ರಿಯೆಲ್ಲ ತಲೆ ತಿಂದ’ ಅಂತ ಒಬ್ಬರು ಹೇಳಿದರೆ ಸಾಕು, ಆ ಕಥೆ ಗೆದ್ದಿದೆ. ಯಾರಿಗೂ ಏನೂ ನೆನಪಿಲ್ಲ ಅಂದರೆ ಅದೂ ಒಂದು ಉತ್ತರವೇ. ಎರಡನ್ನೂ ದಿನಾಂಕ ಹಾಕಿ ಒಂದು ನೋಟ್‌ಬುಕ್‌ನಲ್ಲಿ ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.

ಮಕ್ಕಳನ್ನು ಕೇಳುವುದು ಬೇರೆ ರೀತಿ. ಒಬ್ಬ ಹುಡುಗ ‘ಸೂಪರ್’ ಅಂದರೆ ಎಲ್ಲರೂ ಸೂಪರ್. ನಾನು ಹುಣಸೆ ಬೀಜ ಕೊಡುತ್ತಿದ್ದೆ, ತಲೆಗೆ ಒಂದು. ಕಪಾಟಿನ ಹಿಂದೆ ಎರಡು ಡಬ್ಬಿ. ನಗುವ ಮುಖದ್ದು ‘ಈ ಕಥೆ ಇನ್ನೊಂದು ಸಲ ಬೇಕು’, ಆಕಳಿಸುವ ಮುಖದ್ದು ‘ಬೇರೆ ಕಥೆ ಬೇಕು’. ಒಬ್ಬೊಬ್ಬರೇ ಹೋಗಿ ಹಾಕಿ ಬರಬೇಕು. ನಾನು ತುಂಬಾ ಇಷ್ಟಪಟ್ಟು ಹೇಳುತ್ತಿದ್ದ ಒಂದು ರಾಜಕುಮಾರನ ಕಥೆಗೆ ಇಪ್ಪತ್ತೆರಡರಲ್ಲಿ ಹದಿನೆಂಟು ಬೀಜ ಆಕಳಿಕೆ ಡಬ್ಬಿಗೆ ಬಿದ್ದವು. ಅವತ್ತು ಬೇಜಾರಾಯಿತು ನಿಜ. ಆದರೆ ಎರಡು ವರ್ಷದ ಅಭಿಪ್ರಾಯ ಪುಸ್ತಕ ಹೇಳದೇ ಇದ್ದದ್ದನ್ನು ಆ ಹದಿನೆಂಟು ಬೀಜ ಹೇಳಿದವು.

ನಿಮ್ಮ ವಿತರಣಾ ರಿಜಿಸ್ಟರನ್ನೂ ನೋಡಿ. 2020ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಸೆಳೆಯುವ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ, ಹಾಗಾಗಿ ನಿಮ್ಮಲ್ಲಿಗೆ ಬರುವ ಎಷ್ಟೋ ಶಾಲೆ ಮಕ್ಕಳ ಹೆಸರು ರಿಜಿಸ್ಟರಿನಲ್ಲಿ ಇರಬಹುದು. ಕಥೆ ಕೇಳಿದ ದಿನ ಎಷ್ಟು ಮಕ್ಕಳು ಪುಸ್ತಕ ಮನೆಗೆ ಒಯ್ದರು, ಯಾವುದನ್ನು ಒಯ್ದರು ಅಂತ ನೋಡಿ. ಹಾಜರಿ ಸಂಖ್ಯೆ ಪಂಚಾಯತಿಯ ವರದಿಗೆ ಬೇಕು, ಸರಿ. ನಿಮಗೆ ಇದು ಬೇಕು.

ಬರುವುದನ್ನು ಬಿಟ್ಟ ಮಕ್ಕಳಲ್ಲಿ ಐದು ಮನೆಗೆ ಹೋಗಿ ಬನ್ನಿ. ‘ಯಾಕೆ ಬರ್ತಿಲ್ಲ?’ ಅಂತ ಕೇಳಿದರೆ ದೂರು ಹೇಳಿದ ಹಾಗಾಗುತ್ತದೆ. ‘ಯಾವಾಗ ಇಟ್ಟರೆ ಅನುಕೂಲ?’ ಅಂತ ಕೇಳಿ. ಟ್ಯೂಷನ್ ಇರಬಹುದು, ದೊಡ್ಡವರಾದೆವು ಅಂತ ನಾಚಿಕೆ ಇರಬಹುದು, ಮನೆಯಲ್ಲಿ ಲಂಬಾಣಿಯೋ ಉರ್ದುವೋ ಮಾತಾಡುವ ಮಗುವಿಗೆ ಕಥೆಯ ಅರ್ಧ ಮಾತು ತಿಳಿಯದೇ ಇರಬಹುದು. ಗೊತ್ತಾದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ನಾಲ್ಕು ಶನಿವಾರ ನೋಡಿ. ಸಮಯ, ಕಥೆ, ಜಾಗ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ಮತ್ತೆ, ಸಲಹೆ ಕೊಟ್ಟವರ ಹತ್ತಿರ ಹೋಗಿ, ‘ನೀವು ಹೇಳಿದ್ದಕ್ಕೇ ಸಮಯ ಬದಲಾಯಿಸಿದ್ದೀನಿ’ ಅಂತ ತಿಳಿಸಿ. ಆಮೇಲೆ ನೀವು ಕೇಳದೇ ಇದ್ದರೂ ಅವರು ಬಂದು ಹೇಳುತ್ತಾರೆ.

ಪ್ರಶ್ನೆ: ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಪ್ರೀತಿಯಿಂದ ಕಥೆ ಹೇಳುತ್ತಾರೆ. ಆದರೆ ಪ್ರತಿ ಕಥೆ ಮುಗಿದ ಮೇಲೂ ಮಕ್ಕಳನ್ನು ಎಬ್ಬಿಸಿ ‘ನೀತಿ ಏನು?’ ಅಂತ ಕೇಳುತ್ತಾರೆ. ನನ್ನ ಐದು ವರ್ಷದ ಮಗಳು ಹೆದರಿ ನನ್ನ ಹಿಂದೆ ಅಡಗುತ್ತಾಳೆ. ಹಿರಿಯರು, ನೋವಾಗದ ಹಾಗೆ ಹೇಗೆ ಹೇಳಲಿ? (ಮೈಸೂರಿನ ಓದುಗರು)

ಉತ್ತರ: ಎಲ್ಲರ ಮುಂದೆ ಬೇಡ, ವಾಟ್ಸ್‌ಆ್ಯಪ್‌ನಲ್ಲಂತೂ ಬೇಡವೇ ಬೇಡ. ಎಲ್ಲರೂ ಹೊರಟ ಮೇಲೆ ಅವರು ಚಾಪೆ ಸುತ್ತುವಾಗ ಒಂದು ಕೈ ಕೊಡಿ. ಆಗ ನೀವು ಕಂಡದ್ದನ್ನಷ್ಟೇ ಹೇಳಿ: ‘ಸಾರ್, ನೀವು ಹುಲಿ ಥರ ಗುರ್ ಅಂದಾಗ ಇವಳು ನಿಮ್ಮನ್ನೇ ನೋಡ್ತಿದ್ಲು. ಪ್ರಶ್ನೆ ಶುರುವಾದ ತಕ್ಷಣ ನನ್ನ ಹಿಂದೆ ಬಂದ್ಲು.’ ಹೀಗೇ ಮಾಡಿ, ಹಾಗೇ ಮಾಡಿ ಅಂತ ಹೇಳುವುದಕ್ಕಿಂತ ಇದು ಒಳ್ಳೆಯದು. ಮಕ್ಕಳ ಮುಖ ನೋಡಿಯೇ ಬದುಕಿದ ಮೇಷ್ಟ್ರಿಗೆ ಉಳಿದದ್ದು ತಿಳಿಯುತ್ತದೆ. ಪ್ರಶ್ನೆ ಬೇಕೇ ಬೇಕು ಅಂದರೆ, ‘ಹುಲಿ ಆಮೇಲೆ ಎಲ್ಲಿಗೆ ಹೋಗಿರಬಹುದು?’ ಅಂತ ಕೇಳಲಿ. ಅದಕ್ಕೆ ತಪ್ಪು ಉತ್ತರವೇ ಇಲ್ಲ.

ಪ್ರಶ್ನೆ: ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಗ್ರಂಥಾಲಯದಲ್ಲಿ ಕನ್ನಡದಲ್ಲಿ ಕಥೆ ಹೇಳುತ್ತೇನೆ. ಮೂರು ನಾಲ್ಕು ಪೋಷಕರು ‘ಇಂಗ್ಲಿಷ್‌ನಲ್ಲಿ ಹೇಳಿ’ ಅಂತ ಚೀಟಿ ಹಾಕಿದ್ದಾರೆ. ಬದಲಾಯಿಸಲೇಬೇಕಾ?

ಉತ್ತರ: ಬೇಡ. ಬಂದ ಚೀಟಿಯನ್ನೆಲ್ಲ ಪಾಲಿಸಬೇಕು ಅಂತೇನಿಲ್ಲ, ಆದರೆ ಓದಲೇಬೇಕು. ಅವರು ನಿಜವಾಗಿ ಹೇಳುತ್ತಿರುವುದು ಏನು ಅಂತ ಅವರನ್ನೇ ಕೇಳಿ. ಮಗುವಿಗೆ ಕನ್ನಡ ಅರ್ಥ ಆಗುತ್ತಿಲ್ಲ ಅಂತಲಾ, ಅಥವಾ ಇಂಗ್ಲಿಷ್ ಕಲಿಯಲಿ ಅಂತಲಾ? ಮೊದಲನೆಯದಾದರೆ ನಿಮ್ಮ ಕೈಯಲ್ಲೇ ದಾರಿ ಇದೆ. ಚಿತ್ರ ದೊಡ್ಡದಿರಲಿ, ಒಂದೇ ಮಾತು ಮತ್ತೆ ಮತ್ತೆ ಬರುವ ಕಥೆ ಆರಿಸಿ, ಆ ಮಾತನ್ನು ಮಕ್ಕಳ ಕೈಲೇ ಹೇಳಿಸಿ. ಎರಡನೆಯದಾದರೆ, ಅದೇ ಕಥೆಯ ಎರಡೂ ಭಾಷೆಯ ಪುಸ್ತಕ ಇದ್ದರೆ ಮನೆಗೆ ಕೊಟ್ಟು ಕಳಿಸಿ. ಬೆಂಗಳೂರಿನದೇ ಆದ ಮಕ್ಕಳ ಪುಸ್ತಕ ಪ್ರಕಾಶಕರು ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ಜಾಲತಾಣದಲ್ಲಿ ಎಷ್ಟೋ ಕಥೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಉಚಿತವಾಗಿ ಸಿಗುತ್ತವೆ. ಹೇಳುವುದು ಮಾತ್ರ ಕನ್ನಡದಲ್ಲೇ ಇರಲಿ. ಒಂದು ತಿಂಗಳು ಬಿಟ್ಟು ಅದೇ ಪೋಷಕರನ್ನು ಇನ್ನೊಮ್ಮೆ ಕೇಳಿ, ಏನು ಹೇಳಿದರು ಅಂತ ನನಗೂ ಬರೆಯಿರಿ.