ರೂಟ್ ಕೆನಾಲ್ ಆದ ಮೇಲೆ ಕೆನ್ನೆ ಊದಿದೆ, ಸೋಮವಾರದವರೆಗೆ ಕಾಯಬಹುದೇ?

ಗುರುವಾರ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಶುರು ಮಾಡಿದ್ದಾರೆ, ಶನಿವಾರ ಬೆಳಿಗ್ಗೆ ಎದ್ದಾಗ ಕೆನ್ನೆ ಊದಿದೆ, ಕ್ಲಿನಿಕ್‌ನವರು ಮಾತ್ರೆ ತಗೊಂಡು ಸೋಮವಾರ ಬನ್ನಿ ಅಂದಿದ್ದಾರೆ, ಕಾಯೋದಾ, ಹಲ್ಲು ಕೀಳಿಸಿಬಿಡೋದಾ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ, ಹೈಸ್ಕೂಲು ಮೇಷ್ಟ್ರು. ಆದರೆ ಐದು ವರ್ಷದ ಹಿಂದೆ ಇದೇ ಶನಿವಾರ, ಇದೇ ಸೋಮವಾರದ ಮಧ್ಯೆ ಒದ್ದಾಡಿದವನು.

ಓದುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಮೂರು ಬೆರಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಸಾಮಾನ್ಯವಾಗಿ ಮೂರೂ ಹಿಡಿಯುತ್ತವೆ. ಆಮೇಲೆ ಒಂದು ಗುಟುಕು ನೀರು ಕುಡಿಯಿರಿ. ಗದ್ದದ ಕೆಳಗೆ, ದವಡೆ ಮೂಳೆಯ ಒಳಅಂಚಿನಲ್ಲಿ ಬೆರಳಿಂದ ಒತ್ತಿ, ಗಟ್ಟಿಯಾಗಿದೆಯೇ ನೋಡಿ. ಜ್ವರ ಇದೆಯೇ ನೋಡಿ. ಕೆನ್ನೆ ಎಷ್ಟು ದಪ್ಪಗಾಗಿದೆ ಅನ್ನುವುದಕ್ಕಿಂತ ಈ ನಾಲ್ಕು ವಿಷಯ ಮುಖ್ಯ. ಕೆನ್ನೆ ಊದಿದ್ದು ಕನ್ನಡಿಯಲ್ಲಿ ಕಾಣುತ್ತದೆ, ಎಲ್ಲರೂ ಅದನ್ನೇ ನೋಡುತ್ತಾರೆ. ನಾನೂ ಅದನ್ನೇ ನೋಡಿಕೊಂಡು ಕೂತಿದ್ದೆ.

ನನ್ನದು ಎಡಗಡೆ ಕೆಳಗಿನ ಎರಡನೇ ದವಡೆ ಹಲ್ಲು. ಮೊದಲ ಸಿಟ್ಟಿಂಗ್ ಮುಗಿಸಿ ಬಂದ ಮರುದಿನ ಊತ ಶುರುವಾಯಿತು. ಹರಿಹರದ ನಮ್ಮ ಬೀದಿಯ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಆ್ಯಂಟಿಬಯೋಟಿಕ್ ತಂದೆ. ಮಾತ್ರೆ ನುಂಗುತ್ತಿದ್ದೇನಲ್ಲ, ಇಳಿಯುತ್ತೆ ಅನ್ನುವ ಧೈರ್ಯ. ಭಾನುವಾರ ಸಂಜೆ ರಾಗಿ ಗಂಜಿ ಲೋಟದಲ್ಲಿ ಹಾಗೇ ಉಳಿಯಿತು, ಗುಟುಕು ಒಳಗೆ ಹೋಗಲಿಲ್ಲ. ಉಗುಳು ನುಂಗಲಾಗದೆ ಟವೆಲ್‌ಗೆ ಬಿಡುತ್ತಿದ್ದೆ. ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು ಮಾತಾಡಿದ ಹಾಗೆ ಮಾತಾಡ್ತಿದ್ದೀರಿ ಅಂತ ನನ್ನ ಹೆಂಡತಿ ಹೇಳಿದಳು. ಮಲಗಿದರೆ ಗಂಟಲು ಕಟ್ಟಿದಂತಾಗುತ್ತಿತ್ತು, ಗೋಡೆಗೆ ಒರಗಿ ರಾತ್ರಿ ಕಳೆದೆ. ಬೆಳಿಗ್ಗೆ ದಾವಣಗೆರೆಯ ಡೆಂಟಲ್ ಕಾಲೇಜಿಗೆ ಹೋದಾಗ ಬಾಯಿಗೆ ಒಂದು ಬೆರಳು ಮಾತ್ರ ಹೋಗುತ್ತಿತ್ತು. ಅಲ್ಲಿನ ಸರ್ಜನ್ ಕೆನ್ನೆಯನ್ನು ಹೆಚ್ಚು ನೋಡಲೇ ಇಲ್ಲ. ಗದ್ದದ ಕೆಳಗೆ ಒತ್ತಿದರು, ನಾಲಿಗೆ ಎತ್ತಿಸಿದರು, ತಕ್ಷಣ ಅಡ್ಮಿಟ್ ಮಾಡಿಕೊಂಡರು. ದವಡೆಯ ಕೆಳಗೆ ಸೀಳಿ ಕೀವು ಹೊರಹಾಕಿ, ಒಂದು ರಬ್ಬರ್ ಪಟ್ಟಿ ಇಟ್ಟರು. ನಾಲ್ಕು ದಿನ ಡ್ರಿಪ್. ಆ ಗಾಯದ ಗುರುತು ಈಗಲೂ ಇದೆ, ಶೇವ್ ಮಾಡುವಾಗ ಬ್ಲೇಡು ಅಲ್ಲಿ ತಡೆಯುತ್ತದೆ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ 280 ಬಂತು. ನನಗೆ ಶುಗರ್ ಇದೆ ಅನ್ನುವುದು ಗೊತ್ತಾಗಿದ್ದೇ ಆವತ್ತು. ನೀವು ಇತ್ತೀಚೆಗೆ ಶುಗರ್ ನೋಡಿಸಿಲ್ಲವಾದರೆ ನೋಡಿಸಿ, ಸಕ್ಕರೆ ಜಾಸ್ತಿ ಇರುವವರಿಗೆ ಸೋಂಕು ಬೇಗ ಹರಡುತ್ತದೆ.

ಹೆದರಿಸಲು ಹೇಳುತ್ತಿಲ್ಲ. ಹೆಚ್ಚಿನವರಿಗೆ ಹೀಗಾಗುವುದಿಲ್ಲ. ಸತ್ತ ನರ ತೆಗೆದು ಸೂಜಿಯಂಥ ಫೈಲ್‌ಗಳಿಂದ ಬೇರಿನ ಒಳಗೆ ಉಜ್ಜುವಾಗ ಕೊಳೆತದ್ದರ ಚೂರು, ಬ್ಯಾಕ್ಟೀರಿಯಾ ಬೇರಿನ ತುದಿಯಿಂದ ಆಚೆ ದಾಟಬಹುದು. ದೇಹ ಅದರ ಮೇಲೆ ತಿರುಗಿ ಬೀಳುತ್ತದೆ, ಅದೇ ಊತ, ಅದೇ ನೋವು. ಡಾಕ್ಟರುಗಳು ಇದನ್ನು ಫ್ಲೇರ್‌ಅಪ್ ಅನ್ನುತ್ತಾರೆ. ಚಿಕಿತ್ಸೆ ಕೆಟ್ಟಿತು ಅಂತ ಅರ್ಥವಲ್ಲ, ಹಲ್ಲು ಕೀಳಿಸುವ ಅವಸರವೂ ಬೇಡ. ಕಚ್ಚಿದಾಗ ಮಾತ್ರ ನೋವು, ಬಾಯಿ ಪೂರ್ತಿ ತೆರೆಯುತ್ತದೆ, ಜ್ವರ ಇಲ್ಲ ಅಂದರೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಇಳಿಯುತ್ತದೆ. ಎಷ್ಟೋ ಸಲ ಹಲ್ಲು ಮುಚ್ಚಲು ಹಾಕಿದ ತಾತ್ಕಾಲಿಕ ಸಿಮೆಂಟು ಸ್ವಲ್ಪ ಎತ್ತರವಾಗಿ, ಬಾಯಿ ಮುಚ್ಚಿದಾಗಲೆಲ್ಲ ಆ ಹಲ್ಲಿಗೇ ಪೆಟ್ಟು ಬೀಳುತ್ತಿರುತ್ತದೆ. ಎರಡು ನಿಮಿಷದಲ್ಲಿ ಉಜ್ಜಿ ಸರಿಮಾಡುವ ಕೆಲಸ ಅದು.

ಇನ್ನೊಂದು ಬಗೆಯ ಊತ ಬೇರೆ. ಒಳಗೆ ತೊಳೆಯಲು ಬಳಸುವ ಹೈಪೋಕ್ಲೋರೈಟ್ ದ್ರಾವಣ ಬೇರಿನಾಚೆ ಹೋದರೆ ಕುರ್ಚಿಯಲ್ಲಿ ಕೂತಿರುವಾಗಲೇ ಬೆಂಕಿ ಇಟ್ಟಂಥ ಉರಿ, ನೋಡನೋಡುತ್ತಲೇ ಊತ, ಆಮೇಲೆ ಚರ್ಮದ ಕೆಳಗೆ ನೀಲಿಗಟ್ಟುವುದು. ನಿಮ್ಮದು ಎರಡು ದಿನದ ಮೇಲೆ ಬಂದದ್ದು, ಹಾಗಾಗಿ ಅದು ಅನ್ನಿಸುವುದಿಲ್ಲ.

ಈಗ ಮಾತ್ರೆಯ ವಿಷಯ. ಇದನ್ನು ನನಗೆ ಯಾರಾದರೂ ಶುಕ್ರವಾರವೇ ಹೇಳಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ. ನರ ಸತ್ತ ಹಲ್ಲಿನೊಳಗೆ ರಕ್ತ ಓಡುವುದಿಲ್ಲ. ರಕ್ತ ಹೋಗದ ಕಡೆ ಮಾತ್ರೆಯ ಔಷಧಿಯೂ ಹೋಗುವುದಿಲ್ಲ. ಸೋಂಕು ಸುತ್ತ ಹರಡುವುದನ್ನು ಆ್ಯಂಟಿಬಯೋಟಿಕ್ ತಡೆಯಬಹುದು, ಜ್ವರ ಬಂದಿದ್ದರೆ, ಊತ ಹರಡುತ್ತಿದ್ದರೆ ಡಾಕ್ಟರ್ ಬರೆದುಕೊಡುತ್ತಾರೆ, ಕೊಟ್ಟಂತೆ ತಗೊಳ್ಳಬೇಕು. ಆದರೆ ಕಟ್ಟಿಕೊಂಡ ಕೀವಿಗೆ ಹೊರಬರಲು ದಾರಿ ಮಾಡಲೇಬೇಕು. ಹಲ್ಲನ್ನು ಮತ್ತೆ ತೆರೆದೋ, ಒಸಡಿಗೆ ಸಣ್ಣ ಗಾಯ ಮಾಡಿಯೋ ಅದನ್ನು ಮಾಡುವುದು ಹಲ್ಲಿನ ಡಾಕ್ಟರ ಕೈ, ಗುಳಿಗೆಯಲ್ಲ. ನೋವಿಗೆ ಐಬುಪ್ರೊಫೆನ್, ಪ್ಯಾರಸಿಟಮಾಲ್ ಚೆನ್ನಾಗಿ ಕೆಲಸ ಮಾಡುತ್ತವೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ರಕ್ತ ತೆಳುಮಾಡುವ ಮಾತ್ರೆ, ಬಸಿರು, ಇಂಥದ್ದೇನಾದರೂ ಇದ್ದರೆ ಐಬುಪ್ರೊಫೆನ್ ಕೇಳದೆ ಮುಟ್ಟಬೇಡಿ.

ಮನೆಯಲ್ಲಿ ಹಿರಿಯರು ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಕೆನ್ನೆಗೆ ಶಾಖ ಕೊಡು ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು, ನಮ್ಮಮ್ಮನೂ ಕೊಟ್ಟಳು. ಹೊರಗಿನಿಂದ ಶಾಖ ಬೇಡ, ತಣ್ಣನೆ ಬಟ್ಟೆ ಸಾಕು. ಉಗುರು ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ಲವಂಗದ ಎಣ್ಣೆಯನ್ನು ಒಸಡಿಗೆ ಹಚ್ಚಿದರೆ ಸುಡುತ್ತದೆ. ಕಡ್ಡಿಪುಡಿ ಅಭ್ಯಾಸ ಇದ್ದರೆ ಈಗಲಾದರೂ ಬಿಡಿ.

ಕೆಳಗಿನ ಹಿಂದಿನ ದವಡೆ ಹಲ್ಲುಗಳ ಬಗ್ಗೆ ನಾನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಅವುಗಳ ಬೇರಿನ ತುದಿ ಬಾಯಿಯ ತಳದ ಸ್ನಾಯುವಿಗಿಂತ ಕೆಳಗೆ ಇಳಿದಿರುತ್ತದೆ, ಹಾಗಾಗಿ ಕೀವು ಬಾಯೊಳಗೆ ಒಡೆಯುವ ಬದಲು ಕುತ್ತಿಗೆಯ ಕಡೆ ಇಳಿಯಬಹುದು. ಎರಡೂ ಕಡೆ ಹರಡಿ ನಾಲಿಗೆಯನ್ನು ಮೇಲಕ್ಕೆ ತಳ್ಳಿ ಉಸಿರು ಕಟ್ಟಿಸುವ ಸ್ಥಿತಿಗೆ ಲುಡ್ವಿಗ್ಸ್ ಆಂಜೈನಾ ಅನ್ನುತ್ತಾರೆ. 1836ರಲ್ಲಿ ಜರ್ಮನಿಯ ಡಾಕ್ಟರ್ ಲುಡ್ವಿಗ್ ಅದನ್ನು ವಿವರಿಸಿದ್ದರಿಂದ ಆ ಹೆಸರು. ನನ್ನದು ಅದರ ಹೊಸ್ತಿಲಲ್ಲಿತ್ತು ಎಂದು ಸರ್ಜನ್ ಹೇಳಿದರು.

ಹಲ್ಲು ಏನಾಯಿತು ಅಂತ ಕೇಳುತ್ತೀರಿ. ಉಳಿಯಿತು. ಊತ ಇಳಿದ ಮೇಲೆ ಮತ್ತೆ ತೆರೆದು, ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಇಟ್ಟು, ಎರಡು ವಾರದ ಮೇಲೆ ತುಂಬಿ ಕ್ಯಾಪ್ ಹಾಕಿದರು. ಅದರಲ್ಲೇ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದೇನೆ. ಮುಂದೆ ತಿಂಗಳೋ ವರ್ಷವೋ ಆದ ಮೇಲೆ ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಬಂದು ಹೋಗುತ್ತಿದ್ದರೆ ಅದನ್ನು ನಿರ್ಲಕ್ಷಿಸಬೇಡಿ. ಬೇರಿನ ಒಳಗಿನ ಒಂದು ಕಾಲುವೆ (ಕೆನಾಲ್) ತುಂಬದೆ ಉಳಿದಿರಬಹುದು, ಬೇರು ಸೀಳಿರಬಹುದು, ಎಕ್ಸ್‌ರೇ ತೆಗೆಸಬೇಕು.

ಬೆರಳು ಎರಡಕ್ಕಿಂತ ಕಡಿಮೆ ಹಿಡಿದರೆ, ನುಂಗಲು ಕಷ್ಟವಾದರೆ, ಗದ್ದದ ಕೆಳಗೆ ಗಟ್ಟಿಯಾಗಿದ್ದರೆ, ಜ್ವರ 100 ಡಿಗ್ರಿ ದಾಟಿದ್ದರೆ, ಊತ ಕಣ್ಣಿನ ಕಡೆ ಏರುತ್ತಿದ್ದರೆ ಸೋಮವಾರದ ಮಾತೇ ಬೇಡ, ಈಗಲೇ ಜಿಲ್ಲಾಸ್ಪತ್ರೆಗೋ ಎಮರ್ಜೆನ್ಸಿ ಇರುವ ಆಸ್ಪತ್ರೆಗೋ ಹೊರಡಿ. ಉಸಿರಾಟಕ್ಕೆ ತೊಂದರೆ ಅನಿಸಿದರೆ 108ಕ್ಕೆ ಫೋನ್ ಮಾಡಿ. ಇವ್ಯಾವುವೂ ಇಲ್ಲದಿದ್ದರೂ ಕ್ಲಿನಿಕ್‌ಗೆ ಇವತ್ತೇ ಇನ್ನೊಮ್ಮೆ ಫೋನ್ ಮಾಡಿ. "ಊದಿದೆ" ಎಂದಷ್ಟೇ ಹೇಳಬೇಡಿ. "ಬಾಯಿ ಇಷ್ಟು ಬೆರಳು ತೆರೆಯುತ್ತದೆ, ಜ್ವರ ಇಷ್ಟಿದೆ, ನಿನ್ನೆಗಿಂತ ಜಾಸ್ತಿಯಾಗಿದೆ, ಇವತ್ತೇ ಹಲ್ಲು ತೆರೆದು ನೋಡುತ್ತೀರಾ" ಎಂದು ಕೇಳಿ.